ಸಂಗೀತದ ಗುರು–ಶಿಷ್ಯ ಚಿತ್ರಗಳು: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ನಂಟು

ಸಂಗೀತ ಕಲಿಯಲು ಬಂದ ಶಿಷ್ಯ, ಪಟ್ಟು ಸಡಿಲಿಸದ ಗುರು, ಇಬ್ಬರ ನಡುವಿನ ಜಗ್ಗಾಟ: ಇದನ್ನೇ ಕಥೆಯ ತಿರುಳಾಗಿಸಿಕೊಂಡ ಚಲನಚಿತ್ರಗಳ ಒಂದು ಗುಂಪೇ ಇದೆ. ಜಗತ್ತಿನಲ್ಲಿ ಇತ್ತೀಚೆಗೆ ಹೆಚ್ಚು ಮಾತಿಗೆ ಬಂದದ್ದು ಅಮೆರಿಕದ ಡೇಮಿಯನ್ ಶಜೆಲ್ ನಿರ್ದೇಶಿಸಿದ ‘ವಿಪ್‌ಲ್ಯಾಷ್’ (2014). ಕನ್ನಡದಲ್ಲಿ ‘ಸಂಧ್ಯಾರಾಗ’ (1966), ‘ಉಪಾಸನೆ’ (1974), ‘ಹಂಸಗೀತೆ’ (1975), ‘ಸನಾದಿ ಅಪ್ಪಣ್ಣ’ (1977), ‘ಮಲಯ ಮಾರುತ’ (1986), ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ (1995) ಈ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಕೆಲವು ಗುರು–ಶಿಷ್ಯರ ಕಥೆಯೇ ಆಗಿವೆ. ಉಳಿದವು ಸಾಧಕನ ಕಥೆಗಳು. ಗುರು ಅಲ್ಲಿ ಹಿನ್ನೆಲೆಯಲ್ಲಿರುತ್ತಾನೆ. ಈ ಚಿತ್ರಗಳನ್ನು ಕಟ್ಟಿದವರಲ್ಲಿ ಮುಖ್ಯರಾದ ಇಬ್ಬರು, ನಟ ರಾಜ್‌ಕುಮಾರ್ ಮತ್ತು ನಿರ್ದೇಶಕ ಜಿ.ವಿ. ಅಯ್ಯರ್, ಚಾಮರಾಜನಗರ–ನಂಜನಗೂಡು ಸೀಮೆಯವರು. ಕನ್ನಡ ತೆರೆಯ ಗುರು ನಿಷ್ಠುರನಾಗಿರುವುದು ಅಪರೂಪ. ಆದರೆ ಈ ಸೀಮೆಯ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿರುವ ಗುರು ಯಾವ ಸಿನಿಮಾ ಗುರುವಿಗಿಂತಲೂ ಕಠೋರ. ಈ ವೈರುಧ್ಯವನ್ನು ಗಮನಿಸದೆ ಕನ್ನಡದ ಗುರು–ಶಿಷ್ಯ ಚಿತ್ರಗಳ ಬಗ್ಗೆ ಮಾತಾಡುವುದು ಅರ್ಧ ಮಾತಾದೀತು.

ಸೀಮೆ

ಗುಂಡ್ಲುಪೇಟೆಯ ಕಡೆಯಿಂದ ಹರಿದು ಬರುವ ಗುಂಡ್ಲು ಹೊಳೆ ನಂಜನಗೂಡಿನ ಬಳಿ ಕಪಿಲೆಯನ್ನು ಸೇರುತ್ತದೆ. ಕಪಿಲೆ ಮುಂದೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಜಿ.ವಿ. ಅಯ್ಯರ್ 1917ರಲ್ಲಿ ಹುಟ್ಟಿದ್ದು ನಂಜನಗೂಡಿನಲ್ಲಿ. ಪಿಟೀಲು ಚೌಡಯ್ಯನವರ ಊರು ತಿರುಮಕೂಡಲು. ಚಾಮರಾಜನಗರದಿಂದ ತಾಳವಾಡಿಯ ದಾರಿ ಹಿಡಿದರೆ ತಮಿಳುನಾಡಿನ ಗಡಿಯಾಚೆ ಸಿಗುವ ಕನ್ನಡದ ಹಳ್ಳಿ ಗಾಜನೂರು, ರಾಜ್‌ಕುಮಾರ್ ಹುಟ್ಟಿದ ಊರು. ಅವರ ಮನೆತನದ ಹೆಸರಿನಲ್ಲಿರುವ ಸಿಂಗಾನಲ್ಲೂರು ಇರುವುದು ಕೊಳ್ಳೇಗಾಲದ ಕಡೆ. 1997ರಲ್ಲಿ ಮೈಸೂರಿನಿಂದ ಬೇರೆಯಾದ ಚಾಮರಾಜನಗರ ಜಿಲ್ಲೆಗೆ ಈ ಭಾಗದ ಬಹುಪಾಲು ಸೇರಿದೆ. ಆದರೆ ಹಾಡು, ನಾಟಕ, ಜಾತ್ರೆಗಳ ನಂಟಿಗೆ ಜಿಲ್ಲೆಯ ಗಡಿಯಾಗಲಿ ರಾಜ್ಯದ ಗಡಿಯಾಗಲಿ ಎಂದೂ ಅಡ್ಡ ಬಂದಿಲ್ಲ.

ಅರಮನೆಯ ನೆನಪೂ ಇಲ್ಲಿ ಕಡಿಮೆಯದಲ್ಲ. ಮುಂದೆ ‘ಗೀತಗೋಪಾಲ’ವೆಂಬ ಹಾಡುಗಬ್ಬದಿಂದ ಹೆಸರಾದ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುಂಚೆ ಗುಂಡ್ಲುಪೇಟೆಯ ಪಕ್ಕದ ಹಂಗಳದಲ್ಲಿ ಕಾವಲಿನಲ್ಲಿದ್ದವರು. ಯಳಂದೂರಿನ ವಿಶಾಲಾಕ್ಷ ಪಂಡಿತ ಅವರ ಒಡನಾಡಿ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ ಚಿಕ್ಕದೇವರಾಜರು ತಂದೆಯ ನೆನಪಿಗೆ ಕಟ್ಟಿಸಿದ್ದು. ಅರಿಕುಠಾರವೆಂದು ಕರೆಸಿಕೊಳ್ಳುತ್ತಿದ್ದ ಊರಿಗೆ ಚಾಮರಾಜನಗರವೆಂಬ ಹೆಸರು ಬಂದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅವರ ತಂದೆ ಅಲ್ಲಿ ಹುಟ್ಟಿದರೆಂಬ ಕಾರಣಕ್ಕೆ. ಇಷ್ಟಿದ್ದರೂ ಆಸ್ಥಾನ ಸಂಗೀತ ಬೇರುಬಿಟ್ಟದ್ದು ಮೈಸೂರಿನಲ್ಲಿ. ಈ ಕಡೆಯ ಹುಡುಗರಿಗೆ ಪಾಠಶಾಲೆಯಾದದ್ದು ಅರಮನೆಯಲ್ಲ, ನಾಟಕ ಕಂಪನಿ.

ಕಂಪನಿಯ ಗುರುಕುಲ

ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಹಿರಣ್ಯಕಶಿಪು, ರಾವಣರಂಥ ಅಬ್ಬರದ ಪಾತ್ರಗಳಿಗೆ ಹೆಸರಾದವರು. 1929ರ ಏಪ್ರಿಲ್ 24ರಂದು ಹುಟ್ಟಿ, ಮುಂದೆ ರಾಜ್‌ಕುಮಾರ್ ಆದ ಮುತ್ತುರಾಜನ ಶಾಲೆಯ ಓದು ಕೆಳತರಗತಿಯಲ್ಲೇ ನಿಂತು, ಮಿಕ್ಕ ಕಲಿಕೆಯೆಲ್ಲ ಕಂಪನಿಯಲ್ಲಿ ನಡೆಯಿತು. ಜಿ.ವಿ. ಅಯ್ಯರ್ ಎಂಟರ ವಯಸ್ಸಿಗೇ ಗುಬ್ಬಿ ಕಂಪನಿ ಸೇರಿದ್ದರು. ಮುಂದೆ ‘ಹಂಸಗೀತೆ’ಯ ಸಂಗೀತದಲ್ಲಿ ಕೈಜೋಡಿಸಿದ ಬಿ.ವಿ. ಕಾರಂತರೂ ಮನೆ ಬಿಟ್ಟು ಓಡಿ ಬಂದು ಸೇರಿದ್ದು ಅದೇ ಕಂಪನಿ. ಗುಬ್ಬಿ ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಅವರು ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತರು.

ಕಂಪನಿಯಲ್ಲಿ ಸಂಗೀತ ಕಲಿಸುತ್ತಿದ್ದವರು ಹಾರ್ಮೋನಿಯಂ ಮೇಷ್ಟ್ರು. ಅಲ್ಲಿಯ ಪಾಠಕ್ಕೆ ಪರೀಕ್ಷೆ ಪ್ರತಿ ರಾತ್ರಿ ಪ್ರೇಕ್ಷಕರ ಎದುರಿಗೇ ನಡೆಯುತ್ತಿತ್ತು. ಶ್ರುತಿ ಬಿಟ್ಟರೆ ‘ಒನ್ಸ್ ಮೋರ್’ ಕೂಗುವ ಬಾಯಿಂದಲೇ ಶಿಳ್ಳೆ ಬರುತ್ತಿತ್ತು. ಮೈಕು ಬರುವ ಮುಂಚಿನ ಕಾಲವಾದ್ದರಿಂದ ಕಡೆಯ ಸಾಲಿನವರಿಗೂ ಕೇಳುವ ಹಾಗೆ, ಮಾತಿನ ಸ್ಪಷ್ಟತೆ ಕೆಡದ ಹಾಗೆ, ಮೇಲಿನ ಷಡ್ಜದಲ್ಲಿ ನಿಲ್ಲುವುದನ್ನು ಹುಡುಗರು ಕಲಿಯಬೇಕಿತ್ತು. ರಾಜ್‌ಕುಮಾರ್ ಅವರ ಕಂಠದಲ್ಲಿ ಕೊನೆಯವರೆಗೂ ಉಳಿದ ಅಕ್ಷರಶುದ್ಧಿಗೆ ಮೂಲ ಇದೇ. ಅವರ ಸಿನಿಮಾಗಳಲ್ಲಿ ಗುರುವಿನ ಮುಂದೆ ಶಿಷ್ಯ ಕೂರುವ ಭಂಗಿಯನ್ನು ಗಮನಿಸಿದರೆ, ಅದು ಕಲಿತ ಅಭಿನಯದಂತೆ ಕಾಣುವುದಿಲ್ಲ. ಕಂಪನಿಯಲ್ಲಿ ಮೈಗೆ ಹತ್ತಿದ ನಡವಳಿಕೆಯಂತಿದೆ.

ಕಂಪನಿಯಾಚೆಗಿನ ಕಠಿಣ ಶಿಕ್ಷಣಕ್ಕೆ ಈ ಸೀಮೆಯಲ್ಲೇ ದೊಡ್ಡ ಉದಾಹರಣೆ ಚೌಡಯ್ಯನವರು. ಮೈಸೂರಿನ ಬಿಡಾರಂ ಕೃಷ್ಣಪ್ಪನವರ (1866–1931) ಬಳಿ ಅವರು ವರ್ಷಾನುಗಟ್ಟಲೆ ಗುರುಕುಲವಾಸ ಮಾಡಿದರು. ಕೃಷ್ಣಪ್ಪನವರು ಶಿಸ್ತಿನ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಟ್ಟವರಲ್ಲ. ಗಾಯಕರಾದ ಅವರು ತಯಾರು ಮಾಡಿದ್ದು ಒಬ್ಬ ಪಿಟೀಲುಗಾರನನ್ನು. ಹಾಡುವವನ ಉಸಿರನ್ನು ಕಮಾನು ಹಿಂಬಾಲಿಸಬೇಕೆಂಬ ಪಾಠ ಅಲ್ಲಿಯದು. ದೊಡ್ಡ ಸಭೆಗಳಲ್ಲಿ ನಾದ ಸಾಲುವುದಿಲ್ಲವೆಂದು ಚೌಡಯ್ಯನವರು 1920ರ ದಶಕದಲ್ಲಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಅವರಿಗೆ ಸಂದಿತು.

ತೆರೆಯ ಮೇಲೆ

‘ಸಂಧ್ಯಾರಾಗ’ ಅ.ನ. ಕೃಷ್ಣರಾಯರ ಕಾದಂಬರಿಯಿಂದ ಬಂದ ಚಿತ್ರ. ಎ.ಸಿ. ನರಸಿಂಹಮೂರ್ತಿ ಮತ್ತು ಎಸ್.ಕೆ. ಭಗವಾನ್ ನಿರ್ದೇಶಿಸಿದರು, ಜಿ.ಕೆ. ವೆಂಕಟೇಶ್ ಅವರ ಜೊತೆಗೆ ಎಂ. ಬಾಲಮುರಳೀಕೃಷ್ಣ ಸಂಗೀತದಲ್ಲಿ ಪಾಲುಗೊಂಡರು. ಭೀಮಸೇನ ಜೋಶಿ ಹಾಡಿದರು. ಸಂಗೀತದ ಹುಚ್ಚು ಹತ್ತಿದ ಲಕ್ಷ್ಮಣನ ಪಾತ್ರ ರಾಜ್‌ಕುಮಾರ್ ಅವರದು. ಇಲ್ಲಿ ಶಿಷ್ಯನನ್ನು ಹಿಂಡುವುದು ಗುರುವಲ್ಲ, ಮನೆ. ಹಾಡುವುದು ಹೊಟ್ಟೆಗೆ ಹಾಕುವುದೇ ಎಂದು ಕೇಳುವ ಮನೆಯವರು ಗುರುವಿಗಿಂತ ಗಟ್ಟಿ ಎದುರಾಳಿಗಳು. ಆ ಕಾಲದ ಮೇಲ್ಜಾತಿಯ ಮಧ್ಯಮವರ್ಗದಲ್ಲಿ ಸಂಗೀತ ಗೌರವದ ಉದ್ಯೋಗವಾಗಿರಲಿಲ್ಲ ಎಂಬ ಸಾಮಾಜಿಕ ಸತ್ಯವನ್ನು ಅ.ನ.ಕೃ. ಚೆನ್ನಾಗಿ ಬಲ್ಲವರು. ಭೀಮಸೇನರನ್ನು ಕರೆಸಿ ಹಾಡಿಸಿದ್ದರಲ್ಲಿ ಔಚಿತ್ಯವೂ ಇತ್ತು. ಗದಗದ ಕಡೆಯ ಆ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಹೋಗಿದ್ದವನು. ಊರೂರು ತಿರುಗಿ ಕೊನೆಗೆ ಗುರು ಸಿಕ್ಕಿದ್ದು ತನ್ನ ನಾಡಿನಲ್ಲೇ, ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ. ಅಲ್ಲಿ ನೀರು ಹೊರುವುದೂ ಪಾಠದ ಭಾಗವಾಗಿತ್ತು. ಅದೇ ಗುರುವಿನ ಬಳಿ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದವರು ಗಂಗೂಬಾಯಿ ಹಾನಗಲ್. ಕನ್ನಡದಲ್ಲಿ ತೆಗೆಯಬಹುದಾದ ಅತ್ಯಂತ ಬಿಗಿಯಾದ ಗುರು–ಶಿಷ್ಯ ಚಿತ್ರ ಕುಂದಗೋಳದ ಆ ಮನೆಯಲ್ಲೇ ಇದೆ ಎಂದರೆ ತಪ್ಪಾಗಲಾರದು.

ಪುಟ್ಟಣ್ಣ ಕಣಗಾಲರ ‘ಉಪಾಸನೆ’ ಬೇರೆಯೇ ದಾರಿ ಹಿಡಿಯಿತು. ಇಲ್ಲಿ ಶಿಷ್ಯೆ ಹೆಣ್ಣು, ಕಲಿಯುವುದು ವೀಣೆ, ಪಾತ್ರ ಆರತಿಯವರದು, ಸಂಗೀತ ವಿಜಯಭಾಸ್ಕರ್ ಅವರದು. ಗುರುವಿನ ಮೇಲಿನ ಭಕ್ತಿ ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಲ್ಲಿ ತೊಡಗುತ್ತದೆ ಎಂದು ಊರು ಕೇಳುವ ಪ್ರಶ್ನೆಯನ್ನು ಪುಟ್ಟಣ್ಣ ಧೈರ್ಯವಾಗಿ ತೆರೆಗೆ ತಂದರು. ಆ ಚಿತ್ರದ ಹೆಸರೇ ನಟ ಸೀತಾರಾಂ ಅವರ ಹೆಸರಿನ ಹಿಂದೆ ಅಂಟಿಕೊಂಡು ಅವರು ‘ಉಪಾಸನೆ ಸೀತಾರಾಂ’ ಆದರು. ಗುರು–ಶಿಷ್ಯ ಸಂಬಂಧದೊಳಗಿನ ಅಪಾಯವನ್ನು ಗುರುತಿಸಿದ ಮಟ್ಟಿಗೆ ಕನ್ನಡದಲ್ಲಿ ‘ಉಪಾಸನೆ’ಯದೇ ಮೊದಲ ಸ್ಥಾನ.

ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ ಈ ಸಾಲಿನ ಶಿಖರ. ತ.ರಾ. ಸುಬ್ಬರಾಯರ ಕಾದಂಬರಿಯನ್ನು ಆಧರಿಸಿ ಹಿಂದಿಯಲ್ಲಿ ಮೊದಲೇ ‘ಬಸಂತ್ ಬಹಾರ್’ (1956) ಬಂದಿತ್ತು. ಅದರಲ್ಲಿ ಆಸ್ಥಾನ ಗಾಯಕನಿಗೆ ಭೀಮಸೇನ ಜೋಶಿ, ನಾಯಕನಿಗೆ ಮನ್ನಾ ಡೇ ದನಿ ಕೊಟ್ಟರು. ಕಥೆಯ ಪ್ರಕಾರ ನಾಯಕನೇ ಗೆಲ್ಲಬೇಕು, ಭೀಮಸೇನರು ಸೋಲಬೇಕು! ಅಯ್ಯರ್ ಆ ಮಾದರಿಯನ್ನು ಮುಟ್ಟಲೂ ಹೋಗಲಿಲ್ಲ. ಹದಿನೆಂಟನೆಯ ಶತಮಾನದ ಚಿತ್ರದುರ್ಗ, ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕ, ಪ್ರತಿಭೆಯ ಜೊತೆಗೇ ಬೆಳೆದ ಅವನ ಗರ್ವ, ಕೊನೆಗೆ ದೊರೆಯ ಅಪ್ಪಣೆಗೆ ಹಾಡುವ ಬದಲು ನಾಲಿಗೆಯನ್ನೇ ಕತ್ತರಿಸಿಕೊಳ್ಳುವುದು: ಇಷ್ಟನ್ನು ಅವರು ಕಲ್ಲು, ಕೋಟೆ, ಬಿಸಿಲಿನ ನಡುವೆ ನಿಧಾನವಾಗಿ ಹೇಳಿದರು. ವೆಂಕಟಸುಬ್ಬಯ್ಯನಾಗಿ ನಟಿಸಿದವರು ಅನಂತನಾಗ್. ಬಾಲಮುರಳೀಕೃಷ್ಣ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕನೆಂಬ ರಾಷ್ಟ್ರಪ್ರಶಸ್ತಿ ಬಂದದ್ದು ಈ ಚಿತ್ರಕ್ಕೆ. ಅದೇ ವರ್ಷ ಕನ್ನಡದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಇದರದಾಯಿತು. ಇಲ್ಲಿ ಸಂಗೀತಗಾರನ ಮೇಲೆ ಬೀಳುವ ಕ್ರೂರ ಒತ್ತಡ ಪ್ರಭುತ್ವದ್ದು. ಅದಕ್ಕಿಂತ ಮುಂಚೆ ಬರುವ ಕ್ರೌರ್ಯ ಶಿಷ್ಯ ತನ್ನ ಮೇಲೆ ತಾನೇ ಎಸಗಿಕೊಳ್ಳುವುದು. ಗುರು ಮಾತ್ರ ಪೂಜ್ಯನಾಗಿಯೇ ಉಳಿಯುತ್ತಾನೆ.

‘ಸನಾದಿ ಅಪ್ಪಣ್ಣ’ ಕೃಷ್ಣಮೂರ್ತಿ ಪುರಾಣಿಕರ ಕೃತಿಯಿಂದ ಬಂದದ್ದು. ತೆರೆಯ ಮೇಲೆ ಶಹನಾಯಿ ಹಿಡಿದವರು ರಾಜ್‌ಕುಮಾರ್, ನಿಜವಾಗಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ವಾದ್ಯಕ್ಕೆ ಗೌರವ, ನುಡಿಸುವವನಿಗೆ ಅವಮಾನ ಎಂಬ ಜಾತಿಯ ಲೆಕ್ಕಾಚಾರವನ್ನು ಜನಪ್ರಿಯ ಚಿತ್ರವೊಂದು ಇಷ್ಟು ನೇರವಾಗಿ ಹೇಳಿದ್ದು ಕಡಿಮೆ. ಕೆ.ಎಸ್.ಎಲ್. ಸ್ವಾಮಿಯವರ ‘ಮಲಯ ಮಾರುತ’ ವಿಷ್ಣುವರ್ಧನ್ ಅವರನ್ನು ಶಾಸ್ತ್ರೀಯ ಗಾಯಕನಾಗಿ ತೋರಿಸಿತು. ಹಾಡುಗಳಿಗಾಗಿಯೇ ಜನ ಅದನ್ನು ನೆನೆಯುತ್ತಾರೆ. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ಪಂಚಾಕ್ಷರ ಗವಾಯಿಗಳ ಚಿತ್ರಕ್ಕೆ ಹಂಸಲೇಖ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ದಕ್ಕಿತು. ಹಾನಗಲ್ಲ ಕುಮಾರಸ್ವಾಮಿಗಳು ಅಂಧ ಬಾಲಕನನ್ನು ಗುರುತಿಸಿ ಸಂಗೀತಕ್ಕೆ ಹಚ್ಚಿದ್ದು, ಆ ಬಾಲಕ ಬೆಳೆದು ಮತ್ತೊಬ್ಬ ಅಂಧ ಶಿಷ್ಯ ಪುಟ್ಟರಾಜರನ್ನು ಬೆಳೆಸಿದ್ದು ಚರಿತ್ರೆ. ಸಿನಿಮಾ ಅದನ್ನು ಭಕ್ತಿಚಿತ್ರದ ಹದದಲ್ಲಿ ಹೇಳಿತು.

ಇವೆಲ್ಲವನ್ನೂ ‘ವಿಪ್‌ಲ್ಯಾಷ್’ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನ್ಯೂಯಾರ್ಕಿನ ಕಲ್ಪಿತ ಸಂಗೀತಶಾಲೆಯೊಂದರಲ್ಲಿ ಜಾಝ್ ಡ್ರಮ್ಸ್ ಕಲಿಯುವ ಹುಡುಗ. ಕುರ್ಚಿ ಎಸೆಯುವ, ಕೆನ್ನೆಗೆ ಬಾರಿಸುತ್ತ ಲಯ ಓಡಿತೋ ಎಳೆಯಿತೋ ಎಂದು ಕೇಳುವ ಮೇಷ್ಟ್ರು ಫ್ಲೆಚರ್. ಆ ಪಾತ್ರಕ್ಕೆ ಜೆ.ಕೆ. ಸಿಮನ್ಸ್ ಅವರಿಗೆ ಆಸ್ಕರ್ ಬಂತು. ಸಂಕಲನ ಮತ್ತು ಶಬ್ದಮಿಶ್ರಣ ಸೇರಿ ಚಿತ್ರಕ್ಕೆ ಒಟ್ಟು ಮೂರು ಆಸ್ಕರ್. ಕೇವಲ 19 ದಿನಗಳಲ್ಲಿ ಚಿತ್ರೀಕರಣ ಮುಗಿದಿತ್ತು. ಫ್ಲೆಚರ್ ಕೆಟ್ಟವನೋ ಒಳ್ಳೆಯವನೋ ಎಂಬುದನ್ನು ಚಿತ್ರ ತೀರ್ಮಾನಿಸುವುದಿಲ್ಲ. ಕೊನೆಯ ದೃಶ್ಯದಲ್ಲಿ ಹುಡುಗ ಅದ್ಭುತವಾಗಿ ನುಡಿಸುತ್ತಾನೆ, ಮೇಷ್ಟ್ರ ಮುಖದಲ್ಲಿ ನಗು ಮೂಡುತ್ತದೆ. ನೋಡುವವನಿಗೆ ಚಪ್ಪಾಳೆ ತಟ್ಟಬೇಕೋ ಹೆದರಬೇಕೋ ತಿಳಿಯದು. ಗುರುವನ್ನು ಹೀಗೆ ಕಟಕಟೆಗೆ ತಂದು ನಿಲ್ಲಿಸುವ ಕೆಲಸವನ್ನು ನಮ್ಮ ಸಿನಿಮಾ ಮಾಡಲಿಲ್ಲ. ದಕ್ಷಿಣದಲ್ಲಿ ಹತ್ತಿರ ಬಂದದ್ದು ರಾಜೀವ್ ಮೆನನ್ ಅವರ ತಮಿಳು ಚಿತ್ರ ‘ಸರ್ವಂ ತಾಳಮಯಂ’. ಮೃದಂಗ ತಯಾರಿಸುವವನ ಮಗ ಮೃದಂಗ ಕಲಿಯಲು ಹೋದಾಗ ವಿದ್ವಾಂಸನ ಮನೆ ಅವನನ್ನು ಹೇಗೆ ಕಾಣುತ್ತದೆ ಎಂಬುದು ಅದರ ಕಥೆ.

ಹಾಡುವವರ ಕಾವ್ಯದಲ್ಲಿ ಗುರು

ಚಾಮರಾಜನಗರ ಸೀಮೆಯ ಸಂಗೀತವೆಂದರೆ ಮೊದಲು ನೆನಪಾಗುವುದು ಮಲೆಯ ಮಾದಪ್ಪನ ದೇವರಗುಡ್ಡರೂ ಮಂಟೇಸ್ವಾಮಿಯ ನೀಲಗಾರರೂ. ಇಬ್ಬರಿಗೂ ಹಾಡಿನ ಅಧಿಕಾರ ಬರುವುದು ಗುರುವಿನಿಂದ ದೀಕ್ಷೆ ಪಡೆದ ಮೇಲೆ. ದೇವರಗುಡ್ಡರ ಕೈಯಲ್ಲಿರುವ ಕಂಸಾಳೆ ಕಂಚಿನ ಜೋಡಿ: ಬಟ್ಟಲಿನಂತಿರುವುದು ಎಡ ಅಂಗೈಯಲ್ಲಿ ಕೂರುತ್ತದೆ, ಚಪ್ಪಟೆಯಾದದ್ದು ದಾರಕ್ಕೆ ಕಟ್ಟಿಕೊಂಡು ಬಲಗೈಯಲ್ಲಿ ತೂಗುತ್ತದೆ. ಕುಳಿತು ಕಥೆ ಹಾಡುವಾಗ ಅದು ಬರೀ ತಾಳ. ಬೀಸು ಕಂಸಾಳೆಯಲ್ಲಿ ಅದೇ ತಾಳ ತಲೆಯ ಸುತ್ತ, ಬೆನ್ನ ಹಿಂದೆ, ಎದುರಿಗಿರುವವನ ಬಟ್ಟಲಿನ ಮೇಲೆ ಬೀಳುತ್ತದೆ. ಒಬ್ಬನ ಲಯ ಓಡಿದರೆ ಇನ್ನೊಬ್ಬನ ಹಣೆ ಒಡೆಯುತ್ತದೆ. ಈ ವಿದ್ಯೆಯಲ್ಲಿ ತಪ್ಪಿಗೆ ಶಿಕ್ಷೆ ಕೊಡಲು ಗುರುವೇ ಬೇಕಿಲ್ಲ.

ಕಾವ್ಯ ಕಲಿಯುವ ಕ್ರಮವೂ ವಿಶಿಷ್ಟ. ಮಾದೇಶ್ವರ ಕಾವ್ಯ ‘ಸಾಲು’ಗಳಾಗಿ ನಡೆಯುತ್ತದೆ: ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು ಹೀಗೆ. ಶಿಷ್ಯ ಮೊದಲು ಹಿಮ್ಮೇಳದಲ್ಲಿ ಕೂತು ಸೊಲ್ಲು ಎತ್ತಿಕೊಡುತ್ತಾನೆ. ವರ್ಷಗಳು ಕಳೆದಂತೆ ಸಾಲುಗಳು ಬಾಯಿಗೆ ಬರುತ್ತವೆ. ಬರೆದುಕೊಳ್ಳುವ ಪದ್ಧತಿ ಇರಲಿಲ್ಲ. ಗುರು ಒಂದು ರಾತ್ರಿ ಮುಂದಾಳಿನ ಜಾಗ ಬಿಟ್ಟುಕೊಟ್ಟರೆ ಅದೇ ಪದವಿ ಪ್ರದಾನ.

ಮಂಟೇಸ್ವಾಮಿ ಕಾವ್ಯದ ವಿಷಯವೇ ಗುರು ಶಿಷ್ಯನನ್ನು ಪರೀಕ್ಷೆಗೆ ಒಡ್ಡುವುದು. ‘ಧರೆಗೆ ದೊಡ್ಡವರು’ ಎನಿಸಿಕೊಂಡ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಯಾರೂ ಹತ್ತಿರ ಸೇರಿಸದಂಥ ಹೊಲಸಿನ ವೇಷದಲ್ಲಿ. ಶರಣರೆನಿಸಿಕೊಂಡವರೇ ಆ ಪರೀಕ್ಷೆಯಲ್ಲಿ ಸೋಲುತ್ತಾರೆ. ದಕ್ಷಿಣಕ್ಕೆ ಇಳಿದ ಮೇಲೆ ಅವರಿಗೆ ಶಿಷ್ಯ ಬೇಕು. ನಿಡುಘಟ್ಟದ ಕಮ್ಮಾರರ ಮನೆಯ ಮಗ ಕೆಂಪಾಚಾರಿಯ ಮೇಲೆ ಕಣ್ಣು ಬೀಳುತ್ತದೆ. ಹೆತ್ತವರು ಕೊಡಲೊಲ್ಲರು, ಗುರು ಬಿಡಲೊಲ್ಲ. ಮಗನನ್ನು ಕಿತ್ತುಕೊಳ್ಳುವ ಆ ಭಾಗವನ್ನು ನೀಲಗಾರರು ಹಾಡುವಾಗ ತಾಯಿಯ ಗೋಳು ಗುರುವಿನ ಮಹಿಮೆಗಿಂತ ಮೇಲೇಳುತ್ತದೆ. ಸಿದ್ದಪ್ಪಾಜಿಯಾದ ಕೆಂಪಾಚಾರಿಯನ್ನು ಗುರು ಹಲಗೂರಿಗೆ, ಅವನದೇ ಕುಲದ ಪಾಂಚಾಳರ ಬಳಿಗೆ, ಕಬ್ಬಿಣದ ಭಿಕ್ಷೆ ತರಲು ಕಳಿಸುತ್ತಾನೆ. ಅವರು ಕೊಡುವ ಹಿಂಸೆಗಳನ್ನೆಲ್ಲ ದಾಟಿ ಅವನು ಭಿಕ್ಷೆ ತರಬೇಕು. ಗುರು ದೂರದಲ್ಲಿ ಕುಳಿತು ಕಾಯುತ್ತಾನೆ.

ನೀಲಗಾರರು ಗುರುವನ್ನು ಪೂಜಿಸುತ್ತಲೇ ಅವನ ನಿಷ್ಕರುಣೆಯನ್ನು ಬಚ್ಚಿಡದೆ ಹಾಡುತ್ತಾರೆ. ಎರಡನ್ನೂ ಒಟ್ಟಿಗೆ ಹೊರುವ ಶಕ್ತಿ ಆ ಕಾವ್ಯಕ್ಕಿದೆ. ಸಿದ್ದಪ್ಪಾಜಿಯ ಗದ್ದುಗೆ ಇರುವ ಚಿಕ್ಕಲ್ಲೂರಿನಲ್ಲಿ ಪುಷ್ಯ ಹುಣ್ಣಿಮೆಗೆ ಚಂದ್ರಮಂಡಲದೊಂದಿಗೆ ಜಾತ್ರೆ ತೊಡಗಿ ಐದು ದಿನ ನಡೆಯುತ್ತದೆ. ತಂಬೂರಿ, ಗಗ್ಗರ, ಡಕ್ಕೆಗಳ ಜೊತೆ ಈ ಕಥೆ ಕೇಳಿ ಬೆಳೆದ ಸೀಮೆಯಿಂದ ಬಂದ ಕಲಾವಿದರೂ ಬೆಳ್ಳಿತೆರೆಯ ಗುರುವನ್ನು ಸಾತ್ವಿಕನಾಗಿಯೇ ಉಳಿಸಿದ್ದಕ್ಕೆ ಕಾರಣ ಕಂಪನಿ ನಾಟಕದ ಭಕ್ತಿಪ್ರಸಂಗಗಳ ಅಚ್ಚು ಇರಬೇಕು. ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ (1996) ಈ ಭಾಗದ ಮಾತನ್ನೂ ಹಾಡಿನ ಧಾಟಿಯನ್ನೂ ತೆರೆಗೆ ತಂದು ಗೆದ್ದಿತು; ಆದರೆ ಅದು ಪ್ರೇಮಕಥೆ. ಸಿದ್ದಪ್ಪಾಜಿಯ ಪ್ರಸಂಗಕ್ಕೆ ಆಧುನಿಕ ಮರುಹುಟ್ಟು ಸಿಕ್ಕಿದ್ದು ಹೆಚ್ಚಾಗಿ ರಂಗಭೂಮಿಯಲ್ಲಿ, ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ದಂಥ ನಾಟಕಗಳಲ್ಲಿ.

ತಪ್ಪು ಕೇಳಿಸುವ ಪ್ರಶ್ನೆ

ಕನ್ನಡದ ಸಂಗೀತ ಚಿತ್ರಗಳಲ್ಲಿ ಕಲಿಕೆಯ ಕಷ್ಟ ಕಿವಿಗೆ ಮುಟ್ಟದಿರಲು ಒಂದು ತಾಂತ್ರಿಕ ಕಾರಣವೂ ಇದೆ. ಹಿನ್ನೆಲೆ ಗಾಯನದ ಪದ್ಧತಿಯಲ್ಲಿ ಶಿಷ್ಯನ ಪಾತ್ರಕ್ಕೆ ದನಿ ಕೊಡುವವರು ಬಾಲಮುರಳೀಕೃಷ್ಣರಂಥ ಮಹಾವಿದ್ವಾಂಸರು. ಮೊದಲ ದಿನದ ಪಾಠದಲ್ಲೇ ಶಿಷ್ಯ ಪಳಗಿದ ಕಂಠದಲ್ಲಿ ಹಾಡುತ್ತಾನೆ. ಗುರು ಏನನ್ನು ತಿದ್ದಬೇಕು? ನಿಜವಾದ ಪಾಠ ಇಷ್ಟು ಸಲೀಸಲ್ಲ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಸಪ್ತತಾಳದ ಅಲಂಕಾರಗಳನ್ನು ಮೂರು ಕಾಲದಲ್ಲಿ ಹಾಡುವಾಗ ಮೂರನೆಯ ಕಾಲಕ್ಕೆ ಬಂದ ಮಗುವಿನ ಕೈ ತೊಡೆಯ ಮೇಲೆ ತಾಳವನ್ನು ಮುಂದಕ್ಕೆ ಓಡಿಸುತ್ತದೆ, ರಿಷಭ ಮೇಲಕ್ಕೆ ಜಾರುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಯಂಥ ಊರುಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಸಂಗೀತದ ಮೇಡಂಗಳು ತಿದ್ದುವುದು ಇದನ್ನೇ, ಮತ್ತೆ ಮತ್ತೆ. ‘ವಿಪ್‌ಲ್ಯಾಷ್’ ಒಂದೇ ತುಣುಕನ್ನು ಹತ್ತಾರು ಸಲ ನುಡಿಸಿ ತೋರಿಸುವ ಧೈರ್ಯ ಮಾಡಿತು. ನಮ್ಮಲ್ಲಿ ನಾಲ್ಕು ನಿಮಿಷದ ಹಾಡೊಂದರಲ್ಲಿ ಹುಡುಗ ಯುವಕನಾಗುತ್ತಾನೆ.

ಈ ನಿಯಮಕ್ಕೆ ಅಪವಾದಗಳಿವೆ. ‘ಸಂಪತ್ತಿಗೆ ಸವಾಲ್’ (1974) ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡಿದ ಹಾಡಿನಿಂದಾಚೆಗೆ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ಬಹುಮಟ್ಟಿಗೆ ತಾವೇ ಹಾಡಿದರು. ‘ಜೀವನ ಚೈತ್ರ’ (1992) ಚಿತ್ರಕ್ಕಾಗಿ ಉಪೇಂದ್ರಕುಮಾರ್ ಅವರಿಂದ ಶಾಸ್ತ್ರೀಯ ಧಾಟಿಯ ರಚನೆಯನ್ನು ಪಾಠ ಮಾಡಿಸಿಕೊಂಡು, ಅರವತ್ತು ದಾಟಿದ ವಯಸ್ಸಿನಲ್ಲಿ ಹಾಡಿ, ಶ್ರೇಷ್ಠ ಗಾಯಕನೆಂಬ ರಾಷ್ಟ್ರಪ್ರಶಸ್ತಿ ಪಡೆದರು. ಮರಾಠಿಯಲ್ಲಿ ಚೈತನ್ಯ ತಮ್ಹಾಣೆ ‘ದಿ ಡಿಸೈಪಲ್’ (2020) ತೆಗೆಯುವಾಗ ಹಾಡುಗಾರರಾದ ಆದಿತ್ಯ ಮೋದಕ್ ಅವರನ್ನೇ ನಾಯಕನ ಪಾತ್ರಕ್ಕೆ ಆರಿಸಿದರು. ಅದಕ್ಕೇ ಆ ಚಿತ್ರದಲ್ಲಿ ಗುರು ನಡುವೆ ತಡೆದು ತಿದ್ದುವುದು, ಕಛೇರಿಯಲ್ಲಿ ತಾನ್ ಮುರಿದು ಬೀಳುವುದು ಕೇಳಿಸುತ್ತದೆ. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಶ್ರೇಷ್ಠ ಚಿತ್ರಕಥೆಯ ಪ್ರಶಸ್ತಿ ಸಿಕ್ಕಿತು.

ಸಂಗೀತಗಾರರನ್ನೇ ಕ್ಯಾಮೆರಾ ಮುಂದೆ ಕೂರಿಸುವ ಪ್ರಯೋಗ ಕನ್ನಡಕ್ಕೆ ಹೊಸದೇನಲ್ಲ. 1943ರಲ್ಲೇ ಚೌಡಯ್ಯನವರು ‘ವಾಣಿ’ ಎಂಬ ಚಿತ್ರವನ್ನು ನಿರ್ಮಿಸಿ ತಾವೇ ಅದರಲ್ಲಿ ಕಾಣಿಸಿಕೊಂಡರು. ನಿರ್ದೇಶನ ಕೆ. ಹಿರಣ್ಣಯ್ಯನವರದು, ಪಂಡರೀಬಾಯಿ ಚಿತ್ರರಂಗಕ್ಕೆ ಬಂದದ್ದು ಅದರಿಂದಲೇ. ಚೆಂಬೈ ವೈದ್ಯನಾಥ ಭಾಗವತರ ಹಾಡುಗಾರಿಕೆ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಕೂಡಿದ ಕಛೇರಿಯ ದೃಶ್ಯ ಆ ಚಿತ್ರದಲ್ಲಿದೆ, ಮತ್ತು ರಸಿಕರು ಇಂದಿಗೂ ಅದನ್ನು ಹುಡುಕಿ ನೋಡುತ್ತಾರೆ.